ಗಾಳಿಗೆದುರು ಏರದ ನಮ್ಮ ಕೆಚ್: ಮಿಜೆನ್ ತೆಗೆಯಬೇಕೇ, ಹಾಯಿ ಬದಲಿಸಬೇಕೇ?

ಕಲಬುರಗಿ_ಹಾಯಿ

ಎಲ್ಲರಿಗೂ ಶರಣು. ನಾವು ಮೂವರು ಗೆಳೆಯರು, ಇಬ್ಬರು ಕಲಬುರಗಿಯವರು, ಒಬ್ಬರು ಸೇಡಂನವರು, ಸೇರಿಕೊಂಡು ಒಂದು ಹಳೆಯ ಹಾಯಿದೋಣಿ ಕೊಂಡಿದ್ದೇವೆ. ಗೋವಾದ ಮಾಂಡೋವಿಯಲ್ಲಿ ಲಂಗರು ಹಾಕಿ ನಿಂತಿದೆ. 31 ಅಡಿ ಉದ್ದದ ಫೈಬರ್ ಕೆಚ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕೆಚ್‌ಗೆ ಎರಡು ಕೂವೆ, ಅಂದರೆ ಹಾಯಿ ಕಟ್ಟುವ ಕಂಬ: ಮುಂದಿನದು ದೊಡ್ಡದು, ಅದರ ಹಾಯಿ ಮೇನ್; ಹಿಂದೆ ಚುಕ್ಕಾಣಿಯ ಕಂಬಕ್ಕಿಂತ ಸ್ವಲ್ಪ ಮುಂದೆ ಚಿಕ್ಕದೊಂದು. ಆ ಚಿಕ್ಕ ಕೂವೆಯ ಹಾಯಿಯೇ ಮಿಜೆನ್. ನಮ್ಮದಕ್ಕೆ ಉದ್ದ ಕೀಲ್ (ತಳದಿಂದ ನೀರಿನೊಳಗೆ ಚಾಚಿದ ಭಾಗ) ಇದೆ, ನೀರಿನೊಳಗಿನ ಆಳ 1.3 ಮೀಟರ್. ಮೂರು ಎಲೆಯ ಪ್ರೊಪೆಲ್ಲರ್. ಮೂತಿಯ ಕಡೆ ಜೆನೋವಾ ಎಂಬ ಸುತ್ತಿಡುವ ದೊಡ್ಡ ಮುಂಹಾಯಿ. ಹಾಯಿಗಳೆಲ್ಲ ಹಿಂದಿನ ಮಾಲೀಕರ ಕಾಲದವು.

ಪಕ್ಕದಿಂದಲೋ ಹಿಂದಿನಿಂದಲೋ ಗಾಳಿ ಬಂದರೆ ದೋಣಿ ಚೆನ್ನಾಗಿಯೇ ಓಡುತ್ತದೆ. ಗಾಳಿಗೆದುರು ಹೋಗಬೇಕಾದಾಗ ಮಾತ್ರ ಕಷ್ಟ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊರಳಿದ ದಾರಿಯನ್ನು ಜಿಪಿಎಸ್‌ನಲ್ಲಿ ನೋಡಿದರೆ ಎರಡರ ನಡುವೆ 120 ಡಿಗ್ರಿ ಕಾಣುತ್ತದೆ. ಈ ಹಂಗಾಮಿನಲ್ಲಿ ಮುಂಬೈವರೆಗೆ ಹೋಗಬೇಕೆಂಬ ಆಸೆ ನಮ್ಮದು. ದಾರಿ ಸುಮಾರು 230 ನಾಟಿಕಲ್ ಮೈಲಿ, ಮಧ್ಯಾಹ್ನದ ಗಾಳಿ ವಾಯವ್ಯದಿಂದ ನೇರವಾಗಿ ಮುಖಕ್ಕೆ.

ಒಬ್ಬರು ಮಿಜೆನ್ ಕೂವೆಯನ್ನೇ ಕಿತ್ತುಹಾಕಿ ಎನ್ನುತ್ತಾರೆ. ಇನ್ನೊಬ್ಬರು ಹೊಸ ಹಾಯಿ ಹೊಲಿಸಿ ಎನ್ನುತ್ತಾರೆ. ಮೂರನೆಯವರು ಕೀಲ್‌ಗೆ ಕೆಳಗಡೆ ಇನ್ನಷ್ಟು ಆಳ ಸೇರಿಸಿ ಎನ್ನುತ್ತಾರೆ. ನಮ್ಮ ಕೈಯಲ್ಲಿರುವ ಹಣ ಇವುಗಳಲ್ಲಿ ಒಂದಕ್ಕೆ ಮಾತ್ರ ಸಾಕು. ಮೊದಲು ಯಾವುದಕ್ಕೆ ಕೈ ಹಾಕಬೇಕು?

ತೊಗರಿಕಣ

ಅಣ್ಣಾ, ಕಲಬುರಗಿಯಲ್ಲಿ ಕುಳಿತು ಸಮುದ್ರದ ದೋಣಿ ಕೊಂಡಿರುವುದು ಕೇಳಿಯೇ ಖುಷಿಯಾಯಿತು. ನನಗೆ ಇದರಲ್ಲಿ ಏನೂ ತಿಳಿಯದು, ಒಂದು ಪ್ರಶ್ನೆ ಮಾತ್ರ: ಗಾಳಿ ಎದುರಿನಿಂದ ಬಂದರೆ ದೋಣಿ ಹಿಂದಕ್ಕೆ ಹೋಗಬೇಕಲ್ಲವೇ? ಮುಂದಕ್ಕೆ ಹೇಗೆ ಹೋಗುತ್ತದೆ?

ಬೀದರ್_ರೆಕ್ಕೆ

ತೊಗರಿಕಣ ಅವರೇ, ಪ್ರಶ್ನೆ ಸರಿಯಾಗಿಯೇ ಇದೆ. ನಾನು ವಾಯುಪಡೆಯಲ್ಲಿ ವಿಮಾನದ ಕವಚ, ರೆಕ್ಕೆಗಳ ಕೆಲಸ ಮಾಡಿ ನಿವೃತ್ತನಾದವನು. ಹಾಯಿ ಎಂದರೆ ನೆಟ್ಟಗೆ ನಿಲ್ಲಿಸಿದ ರೆಕ್ಕೆ. ಬಾಗಿದ ಬಟ್ಟೆಯ ಎರಡೂ ಬದಿಯಲ್ಲಿ ಗಾಳಿ ಹರಿಯುವಾಗ ಅದರ ದಿಕ್ಕು ತಿರುಗುತ್ತದೆ, ಆಗ ಹಾಯಿಗೆ ಅಡ್ಡವಾಗಿ ಬಲ ಹುಟ್ಟುತ್ತದೆ. ಆ ಬಲದಲ್ಲಿ ಹೆಚ್ಚಿನ ಪಾಲು ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಸ್ವಲ್ಪ ಪಾಲು ಮುಂದಕ್ಕೆ ಎಳೆಯುತ್ತದೆ. ಪಕ್ಕಕ್ಕೆ ತಳ್ಳುವುದನ್ನು ನೀರಿನೊಳಗಿನ ಕೀಲ್ ತಡೆಯುತ್ತದೆ. ಉಳಿಯುವುದು ಮುಂದಿನ ಎಳೆತ. ನೇರ ಗಾಳಿಯ ಕಣ್ಣಿಗೆ ಯಾವ ಹಾಯಿದೋಣಿಯೂ ಹೋಗಲಾರದು. ಹೊಸ ಕಾಲದ ಒಂಟಿ ಕೂವೆಯ ದೋಣಿ 40-45 ಡಿಗ್ರಿವರೆಗೆ ಹತ್ತಿರ ಹೋಗುತ್ತದೆ. ಹಳೆಯ ಕೆಚ್ 50-55ಕ್ಕೆ ಬಂದರೆ ಅದು ಒಳ್ಳೆಯ ಕೆಚ್.

ಹುಮನಾಬಾದ್_ನೇರಮಾತು

ನೇರವಾಗಿ ಹೇಳುತ್ತೇನೆ. ಮಾರಿಬಿಡಿ. ಕೆಚ್ ಗಾಳಿಗೆದುರು ಹೋಗುವುದಕ್ಕೆ ಹುಟ್ಟಿದ ದೋಣಿಯೇ ಅಲ್ಲ. ಉದ್ದ ಕೀಲ್, ಎರಡು ಕೂವೆ, ಎರಡು ಪಟ್ಟು ತಂತಿ, ಎಲ್ಲವೂ ಗಾಳಿಗೆ ಅಡ್ಡ. ಎಷ್ಟು ಖರ್ಚು ಮಾಡಿದರೂ ಅದು ಒಂಟಿ ಕೂವೆಯ ಸ್ಲೂಪ್ ಆಗುವುದಿಲ್ಲ. ಆ ಹಣ ಸೇರಿಸಿ ಒಂದು ಸ್ಲೂಪ್ ತೆಗೆದುಕೊಳ್ಳಿ.

ಕಲಬುರಗಿ_ಹಾಯಿ

ಮಾರುವುದಿಲ್ಲ ಸರ್. ಅದರ ಮರದ ಕೆಲಸ, ಒಳಗಿನ ಜಾಗ, ಅಲೆಯ ಮೇಲೆ ಅದು ಸಾಗುವ ರೀತಿ ಎಲ್ಲ ನೋಡಿಯೇ ಕೊಂಡಿದ್ದೇವೆ. ಇದ್ದುದನ್ನು ಸುಧಾರಿಸುವ ದಾರಿ ಹೇಳಿ.

ಭೀಮಾತೀರ_ಯಾದಗಿರಿ

ತಮ್ಮಾ, ನಾನು ನೌಕಾಪಡೆಯಲ್ಲಿ ಸೇವೆ ಮುಗಿಸಿ ಊರಿಗೆ ಬಂದವನು. ಅಲ್ಲಿದ್ದಾಗ ಹಾಯಿದೋಣಿಗಳಲ್ಲಿಯೂ ಓಡಾಡಿದ್ದೇನೆ. ನೀವು ಬರೆದ ಮೂರು ಸಲಹೆಗಳಲ್ಲಿ ಒಂದಕ್ಕೂ ಈಗ ಹಣ ಹಾಕಬೇಡಿ. ಮೊದಲು ದೋಣಿಯ ತಳ ನೋಡಿ.

ಗೋವಾದ ನೀರು ವರ್ಷವಿಡೀ ಬೆಚ್ಚಗಿರುತ್ತದೆ. ನದಿಮುಖದಲ್ಲಿ ನಿಂತ ದೋಣಿಗೆ ಕೆಲವೇ ವಾರಗಳಲ್ಲಿ ಪಾಚಿ ಹತ್ತುತ್ತದೆ, ಅದರ ಮೇಲೆ ಚಿಪ್ಪಿನ ಜೀವಿಗಳು ಅಂಟುತ್ತವೆ. ತಳ ಒರಟಾದರೆ ವೇಗ ಬೀಳುತ್ತದೆ. ವೇಗ ಬಿದ್ದರೆ ಕೀಲ್ ನೀರನ್ನು ಹಿಡಿಯುವುದಿಲ್ಲ, ದೋಣಿ ಪಕ್ಕಕ್ಕೆ ಜಾರುತ್ತದೆ. ನಿಮ್ಮ 120 ಡಿಗ್ರಿಯಲ್ಲಿ ಹಾಯಿಯ ದೋಷ ಎಷ್ಟು, ಈ ಜಾರಿಕೆಯ ದೋಷ ಎಷ್ಟು ಎಂದು ಮೊದಲು ಬೇರ್ಪಡಿಸಿ. ಪ್ರೊಪೆಲ್ಲರ್ ಎಲೆಗಳ ಮೇಲೆ, ಚುಕ್ಕಾಣಿಯ ಕೆಳತುದಿಯಲ್ಲಿ, ಕೀಲ್‌ನ ಅಡಿಯಲ್ಲಿ ಕೈಯಾಡಿಸಿ ನೋಡಿ. ಜನ ಬದಿಗಳನ್ನು ಉಜ್ಜಿ, ಅಡಿಯನ್ನು ಬಿಟ್ಟುಬಿಡುತ್ತಾರೆ.

ದೋಣಿ ಎತ್ತಿಸಲು ಕ್ರೇನ್‌ಗೆ ಹಣ ಕೊಡಬೇಕೆಂದಿಲ್ಲ. ಗೋವಾದಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಭರತ ಇಳಿತದ ನಡುವೆ ಸುಮಾರು 2 ಮೀಟರ್ ವ್ಯತ್ಯಾಸ ಇರುತ್ತದೆ. ನಿಮ್ಮದು ಉದ್ದ ಕೀಲ್, ಆಳ 1.3 ಮೀಟರ್. ಗಟ್ಟಿ ತಳವಿರುವ ಕಟ್ಟೆಯ ಪಕ್ಕಕ್ಕೆ ಭರತದಲ್ಲಿ ತಂದು, ಕಟ್ಟೆಯ ಕಡೆಗೆ ಸ್ವಲ್ಪ ವಾಲಿಸಿ ಕಟ್ಟಿದರೆ ಇಳಿತದಲ್ಲಿ ಕೀಲ್ ಮೇಲೆ ನಿಲ್ಲುತ್ತದೆ. ನೀರು ಮರಳುವುದರೊಳಗೆ ಉಜ್ಜಿ ಮುಗಿಸಬಹುದು. ಕಟ್ಟೆಯ ಮಾಲೀಕರ ಅನುಮತಿ ಕೇಳಿ, ತಳದಲ್ಲಿ ಕಲ್ಲು ಇಲ್ಲವೆಂದು ಮೊದಲೇ ಇಳಿದು ನೋಡಿ.

ಎರಡನೆಯದು, ಗಾಳಿಗೆದುರು ಹೋಗುವಾಗ ಮಿಜೆನ್ ಇಳಿಸಿ. ಕೂವೆ ಕೀಳಬೇಡಿ, ಹಾಯಿ ಇಳಿಸಿ ಸಾಕು. ಮೇನ್ ಹಾಯಿ ಕೆದಕಿ ಬಿಟ್ಟ ಗಾಳಿಯಲ್ಲಿ ಅದು ನಿಂತಿರುತ್ತದೆ. ಪ್ರಯೋಜನ ಕಡಿಮೆ, ಎಳೆತ ಹೆಚ್ಚು.

ಬೀದರ್_ರೆಕ್ಕೆ

ಭೀಮಾತೀರ ಕಾಕಾ, ತಳದ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಮಿಜೆನ್ ವಿಷಯದಲ್ಲಿ ಒಪ್ಪುವುದಿಲ್ಲ.

ಮೇನ್ ಹಾಯಿಯಿಂದ ಹೊರಬಿದ್ದ ಗಾಳಿ ಹಿಂದಕ್ಕೆ ಬಾಗಿರುತ್ತದೆ. ಹೀಗಾಗಿ ಮಿಜೆನ್‌ಗೆ ಅದು ಇನ್ನಷ್ಟು ಎದುರಿನಿಂದ ಬಂದಂತೆ ಕಾಣುತ್ತದೆ. ಮೇನ್‌ನಷ್ಟೇ ಸಡಿಲ ಬಿಟ್ಟರೆ ಮಿಜೆನ್ ಪಟಪಟ ಬಡಿಯುತ್ತದೆ, ಎಳೆತ ಮಾತ್ರ ಉಳಿಯುತ್ತದೆ. ಅದನ್ನು ದೋಣಿಯ ನಡುರೇಖೆಯ ಹತ್ತಿರಕ್ಕೆ ಬಿಗಿಯಾಗಿ ಎಳೆದರೆ ಕೆಲಸ ಮಾಡುತ್ತದೆ. ಇನ್ನೊಂದು ವಿಷಯ: ಹಿಂದಿನ ಹಾಯಿ ತನ್ನ ಮುಂದಿನ ಹಾಯಿಗೆ ಸಹಾಯ ಮಾಡುತ್ತದೆ. ಜೆನೋವಾ ಚೆನ್ನಾಗಿ ಎಳೆಯುವುದಕ್ಕೆ ಅದರ ಹಿಂದೆ ಮೇನ್ ಇರುವುದೂ ಕಾರಣ. ಅದೇ ರೀತಿ ಮಿಜೆನ್ ಮೇನ್‌ನ ಹರಿವನ್ನು ಉತ್ತಮಗೊಳಿಸುತ್ತದೆ. ಗಾಳಿ 8 ನಾಟ್ (ಗಂಟೆಗೆ 8 ನಾಟಿಕಲ್ ಮೈಲಿ) ಇರುವಾಗ ಇಳಿಸಿದರೆ ವೇಗ ಕಳೆದುಕೊಳ್ಳುತ್ತೀರಿ.

ಭೀಮಾತೀರ_ಯಾದಗಿರಿ

ಹಗುರ ಗಾಳಿಗೆ ನಿಮ್ಮ ಮಾತು ಇರಲಿ. 14-15 ನಾಟ್ ಬಂದಾಗ? ಮಿಜೆನ್ ದೋಣಿಯ ಹಿಂಭಾಗವನ್ನು ಗಾಳಿಯ ಕೆಳಗೆ ತಳ್ಳುತ್ತದೆ, ಮೂತಿ ಗಾಳಿಯ ಕಡೆಗೆ ತಿರುಗಲು ಹವಣಿಸುತ್ತದೆ. ಚುಕ್ಕಾಣಿ ಹಿಡಿದವನು ಇಡೀ ಹೊತ್ತು ಎದುರು ಎಳೆಯುತ್ತಲೇ ಇರಬೇಕು. ಅಡ್ಡ ತಿರುಗಿದ ಚುಕ್ಕಾಣಿ ಎಂದರೆ ನೀರಿನೊಳಗಿನ ಬ್ರೇಕ್.

ಸುರಪುರ_ನೌಕೆ

ನಮಸ್ಕಾರ. ಸುರಪುರದವಳು, ಕೊಚ್ಚಿಯಲ್ಲಿ ಹಡಗು ವಿನ್ಯಾಸ ಓದುತ್ತಿದ್ದೇನೆ. ಇಬ್ಬರ ಮಾತೂ ಅಳೆದು ನೋಡಬಹುದಾದದ್ದು, ವಾದದಿಂದ ತೀರುವಂಥದ್ದಲ್ಲ. ಚುಕ್ಕಾಣಿ 3ರಿಂದ 5 ಡಿಗ್ರಿ ತಿರುಗಿದ್ದರೆ ಒಳ್ಳೆಯದೇ, ಅದು ಕೀಲ್‌ಗೆ ನೆರವಾಗುತ್ತದೆ. 8-10 ದಾಟಿದರೆ ಕಾಕಾ ಹೇಳಿದಂತೆ ಬ್ರೇಕ್. ಆದ್ದರಿಂದ ಚುಕ್ಕಾಣಿಯ ಹಿಡಿಕೆಯ ಕೆಳಗೆ ಕೋನಮಾಪಕದ ಗುರುತು ಹಾಕಿ. 5ಕ್ಕಿಂತ ಕಡಿಮೆ ಇರುವವರೆಗೆ ಮಿಜೆನ್ ಇರಲಿ. ಹೆಚ್ಚಾದರೆ ಮೊದಲು ಮಿಜೆನ್ ಚಿಕ್ಕದಾಗಿಸಿ, ಆಮೇಲೆ ಇಳಿಸಿ.

ಅಣ್ಣನವರು ಕೇಳಿದ ಕೀಲ್ ವಿಷಯ. ದಯವಿಟ್ಟು ಮುಟ್ಟಬೇಡಿ. ಕೆಳಗೆ ಆಳ ಸೇರಿಸಿದರೆ ಕೀಲ್‌ನ ಬುಡದ ಮೇಲೆ ಬೀಳುವ ಒತ್ತಡ ಬದಲಾಗುತ್ತದೆ, ದೋಣಿಯ ಸಮತೋಲ ಬದಲಾಗುತ್ತದೆ, ನೆಲಕ್ಕೆ ತಾಗಿದಾಗ ಎಲ್ಲಿ ಒಡೆಯುತ್ತದೆ ಎಂಬುದು ವಿನ್ಯಾಸಕಾರರಿಗೆ ಬಿಟ್ಟರೆ ಯಾರಿಗೂ ಗೊತ್ತಾಗದು. ಕೊಂಕಣದ ಖಾಡಿಗಳ ಬಾಯಲ್ಲಿ ಮರಳಿನ ದಿಬ್ಬಗಳಿವೆ, ಅಲ್ಲಿ ನಿಮ್ಮ 1.3 ಮೀಟರ್ ಆಳ ವರವೇ.

ಜಾರಿಕೆಯ ಲೆಕ್ಕ ಹೀಗೆ: ಕೀಲ್ ಹುಟ್ಟಿಸುವ ಅಡ್ಡಬಲ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧವಾದರೆ ಅದೇ ಕೋನದಲ್ಲಿ ಸಿಗುವ ಬಲ ಕಾಲುಭಾಗ. ಹೀಗಾಗಿ ಗಾಳಿಗೆ ಬಹಳ ಹತ್ತಿರ ತುರುಕಿದರೆ ದೋಣಿ ನಿಧಾನವಾಗಿ, ಹೆಚ್ಚು ಜಾರುತ್ತದೆ. ಉದಾಹರಣೆಗೆ 48 ಡಿಗ್ರಿಗೆ ತುರುಕಿ 4 ನಾಟ್ ಓಡಿತು, 10 ಡಿಗ್ರಿ ಜಾರಿತು ಎನ್ನಿ. ನಿಜವಾದ ದಾರಿ 58 ಡಿಗ್ರಿ, ಗಾಳಿಯ ಕಡೆಗೆ ಗಳಿಸಿದ್ದು ಗಂಟೆಗೆ 2.1 ಮೈಲಿ. ಮೂತಿಯನ್ನು 55ಕ್ಕೆ ಬಿಟ್ಟು 5 ನಾಟ್ ಓಡಿಸಿ, 5 ಡಿಗ್ರಿ ಮಾತ್ರ ಜಾರಿದರೆ ದಾರಿ 60 ಡಿಗ್ರಿ, ಗಳಿಕೆ 2.5 ಮೈಲಿ. ದಿಕ್ಕು ಹಾಳಾದಂತೆ ಕಂಡರೂ ಮುಂಬೈ ಬೇಗ ಬರುತ್ತದೆ.

ಜಾರಿಕೆ ಅಳೆಯುವುದು ಸುಲಭ. ಹಿಂತುದಿಯ ನಡುವಿನಿಂದ ಉದ್ದನೆಯ ತೆಳು ಹಗ್ಗ ನೀರಿಗೆ ಬಿಡಿ. ದೋಣಿ ಜಾರುತ್ತಿದ್ದರೆ ಹಗ್ಗ ನಡುರೇಖೆಗೆ ಓರೆಯಾಗಿ ನಿಲ್ಲುತ್ತದೆ. ಆ ಕೋನವೇ ಜಾರಿಕೆ.

ಹುಮನಾಬಾದ್_ನೇರಮಾತು

ತಂಗಿ, 48 ಮತ್ತು 55ರ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಅಲೆ ಇದ್ದಾಗ?

ಸುರಪುರ_ನೌಕೆ

ಅಲೆ ಇದ್ದಾಗ ಈ ಮಾತು ಇನ್ನೂ ಹೆಚ್ಚು ನಿಜ ಸರ್. ಪ್ರತಿ ಅಲೆಯೂ ವೇಗ ಕದಿಯುತ್ತದೆ. ಸಮತಟ್ಟಾದ ನೀರಿಗಿಂತ ಐದಾರು ಡಿಗ್ರಿ ಬಿಟ್ಟುಕೊಟ್ಟು, ಹಾಯಿಗೆ ಸ್ವಲ್ಪ ಹೆಚ್ಚು ಉಬ್ಬು ಕೊಟ್ಟು ಓಡಿಸಬೇಕು.

ಆಳಂದ_ಹೊಲಿಗೆ

ನಾನು ಡೇರೆ, ಟಾರ್ಪಾಲು ಹೊಲಿಯುವವನು, ಹಾಯಿ ಹೊಲಿಯುವವರ ಜೊತೆ ಕೆಲಸ ಕಲಿತವನು. ಬಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ಹಾಯಿ ಹರಿಯದೇ ಇದ್ದರೂ ಸತ್ತಿರಬಹುದು. ಹೊಸದರಲ್ಲಿ ಉಬ್ಬಿನ ಆಳವಾದ ಜಾಗ ಹಾಯಿಯ ಮುಂದಿನ ಅರ್ಧದಲ್ಲಿರುತ್ತದೆ. ವರ್ಷಗಟ್ಟಲೆ ಗಾಳಿ, ಬಿಸಿಲು ತಿಂದ ಮೇಲೆ ನೇಯ್ಗೆ ಹಿಗ್ಗುತ್ತದೆ, ಉಬ್ಬು ಹಿಂದಕ್ಕೆ ಸರಿಯುತ್ತದೆ. ಹಿಂದಿನ ಅಂಚು ಒಳಕ್ಕೆ ಮಡಚಿದಂತೆ ಆಗುತ್ತದೆ. ಅಂಥ ಹಾಯಿ ದೋಣಿಯನ್ನು ವಾಲಿಸುತ್ತದೆ, ಮುಂದಕ್ಕೆ ಎಳೆಯುವುದಿಲ್ಲ.

ಪರೀಕ್ಷೆ ಹೇಳುತ್ತೇನೆ. ಗಾಳಿಗೆ ಒತ್ತಿ ಸಾಗುವಾಗ ಹಾಯಿಯ ಬುಡದ ನಡುವೆ ನಿಂತು ಮೇಲ್ಮುಖವಾಗಿ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಹಾಯಿಯ ಅಡ್ಡ ಹೊಲಿಗೆಯ ಸಾಲು ಬಾಗಿರುವುದು ಕಾಣುತ್ತದೆ. ಆ ಬಾಗಿನ ಅತಿ ಆಳದ ಜಾಗ ಅರ್ಧಕ್ಕಿಂತ ಹಿಂದೆ ಇದ್ದರೆ, ಮೊದಲು ಹಾಯಿ ಏರಿಸುವ ಹಗ್ಗವನ್ನು ವಿಂಚ್‌ನಿಂದ ಬಿಗಿಯಾಗಿ ಎಳೆಯಿರಿ. ಮುಂದಿನ ಅಂಚು ಬಿಗಿದಂತೆ ಉಬ್ಬು ಮುಂದಕ್ಕೆ ಬರುತ್ತದೆ. ಬಾರದಿದ್ದರೆ ಬಟ್ಟೆ ಮುಗಿದಿದೆ.

ಹಗ್ಗವನ್ನೂ ನೋಡಿ. ಹಳೆಯ ಮೂರೆಳೆಯ ಹಗ್ಗ ಹಿಗ್ಗುತ್ತದೆ. ಬೆಳಗ್ಗೆ ಬಿಗಿದದ್ದು ಗಾಳಿ ಜೋರಾದ ಕೂಡಲೇ ಸಡಿಲವಾಗುತ್ತದೆ, ಅಂದರೆ ಬೇಕಾದ ಹೊತ್ತಿಗೇ ಹಾಯಿ ಚೀಲವಾಗುತ್ತದೆ. ಹಿಗ್ಗದ ಹಗ್ಗ ಹಾಕಿಸುವುದು ಹೊಸ ಹಾಯಿಗಿಂತ ಎಷ್ಟೋ ಅಗ್ಗ. ಇನ್ನು ಹೊಲಿಗೆಯ ದಾರ ಬಟ್ಟೆಗಿಂತ ಮೊದಲು ಬಿಸಿಲಿಗೆ ಸಾಯುತ್ತದೆ. ಉಗುರಿನಿಂದ ಗೀರಿ ನೋಡಿ, ಪುಡಿಯಾಗಿ ಕಿತ್ತುಬಂದರೆ ಮುಂಬೈಗೆ ಹೊರಡುವ ಮುನ್ನ ಮರುಹೊಲಿಗೆ ಹಾಕಿಸಲೇಬೇಕು.

ಕಲಬುರಗಿ_ಹಾಯಿ

ಆಳಂದದ ಅಣ್ಣಾ, ಫೋಟೊ ನೋಡಿದೆವು. ಮೇನ್ ಪರವಾಗಿಲ್ಲ, ಉಬ್ಬು ಹೆಚ್ಚುಕಡಿಮೆ ನಡುವೆ ಇದೆ. ಜೆನೋವಾದ ಉಬ್ಬು ಬಹಳ ಹಿಂದೆ ಇದೆ. ಗಾಳಿ ಹೆಚ್ಚಾದಾಗ ಅರ್ಧ ಸುತ್ತಿ ಬಳಸುತ್ತೇವೆ, ಆಗ ಇನ್ನೂ ಕೆಡುತ್ತದೆ.

ಆಳಂದ_ಹೊಲಿಗೆ

ಸುತ್ತಿದಾಗ ನಡುವಿನ ಹೆಚ್ಚುವರಿ ಬಟ್ಟೆಗೆ ಹೋಗಲು ಜಾಗವಿರುವುದಿಲ್ಲ, ಆದ್ದರಿಂದ ಚೀಲವಾಗುತ್ತದೆ. ಮುಂದಿನ ಅಂಚಿನ ಒಳಗೆ ಫೋಮ್ ಪಟ್ಟಿ ಹೊಲಿದರೆ ಸುತ್ತುವಾಗ ಅದು ಆ ಹೆಚ್ಚುವರಿಯನ್ನು ನುಂಗುತ್ತದೆ. ಒಂದೇ ಒಂದು ಹೊಸ ಹಾಯಿಗೆ ಹಣವಿದ್ದರೆ ಅದು ಜೆನೋವಾ ಆಗಿರಲಿ. ಈಗಿನದಕ್ಕಿಂತ ಸ್ವಲ್ಪ ಚಿಕ್ಕದು ಹೊಲಿಸಿ, ಪೂರ್ತಿ ಬಿಚ್ಚಿಯೇ ಬಳಸುವಂತಿರಲಿ.

ಭೀಮಾತೀರ_ಯಾದಗಿರಿ

ಹೊಸ ಜೆನೋವಾ ಹೊಲಿಸುವ ಮುನ್ನ ಅದು ನೇತಾಡುವ ತಂತಿ ನೋಡಿ. ಫೋರ್‌ಸ್ಟೇ ಎಂಬ ಆ ಮುಂದಿನ ತಂತಿ ಗಾಳಿಯಲ್ಲಿ ಪಕ್ಕಕ್ಕೆ ಬಾಗಿದರೆ ಎಂಥ ಹಾಯಿಯೂ ಚೀಲವೇ. ಸ್ಲೂಪ್‌ನಲ್ಲಿ ಕೂವೆಯ ತುದಿಯಿಂದ ಹಿಂತುದಿಗೆ ನೇರ ತಂತಿ ಇರುತ್ತದೆ, ಅದನ್ನು ಬಿಗಿದರೆ ಮುಂದಿನದೂ ಬಿಗಿಯುತ್ತದೆ. ಕೆಚ್‌ನಲ್ಲಿ ಆ ದಾರಿಗೆ ಮಿಜೆನ್ ಅಡ್ಡ ಬರುತ್ತದೆ. ಕೆಲವದರಲ್ಲಿ ಎರಡು ಕೂವೆಗಳ ತುದಿಯ ನಡುವೆ ಒಂದು ತಂತಿ ಕಟ್ಟಿರುತ್ತಾರೆ. ಅದನ್ನು ಬಿಗಿದರೆ ಮಿಜೆನ್ ಕೂವೆಯೇ ಮುಂದಕ್ಕೆ ಬಾಗುತ್ತದೆ, ಮುಂದಿನ ತಂತಿ ಹಾಗೆಯೇ ಉಳಿಯುತ್ತದೆ. ನಿಮ್ಮದರಲ್ಲಿ ಹೇಗಿದೆ?

ಕಲಬುರಗಿ_ಹಾಯಿ

ಕಾಕಾ, ಅದೇ ರೀತಿ ಇದೆ. ತುದಿಯಿಂದ ತುದಿಗೆ ಒಂದು ತಂತಿ. 12 ನಾಟ್ ಗಾಳಿಯಲ್ಲಿ ಮುಂದಿನ ತಂತಿ ಒಂದು ಗೇಣಿಗಿಂತ ಹೆಚ್ಚು ಬಾಗುತ್ತದೆ.

ಭೀಮಾತೀರ_ಯಾದಗಿರಿ

ಸಿಕ್ಕಿತು ನೋಡಿ ರೋಗ. ದೊಡ್ಡ ಕೂವೆಯ ಮೇಲ್ಭಾಗದಿಂದ ಎರಡೂ ಬದಿಗೆ ಹಿಂದಕ್ಕೆ ಒಂದೊಂದು ರನ್ನಿಂಗ್ ಬ್ಯಾಕ್‌ಸ್ಟೇ, ಅಂದರೆ ಬೇಕಾದಾಗ ಬಿಗಿದು ಸಡಿಲಿಸುವ ಹಿಂದಿನ ಹಗ್ಗ, ಕಟ್ಟಿ. ಈಗ ಡೈನೀಮಾ ಹಗ್ಗ ಸಿಗುತ್ತದೆ, ತಂತಿಗಿಂತ ಹಗುರ, ಹಿಗ್ಗುವುದಿಲ್ಲ. ಗಾಳಿ ಬರುವ ಬದಿಯದನ್ನು ಮಾತ್ರ ಬಿಗಿಯಬೇಕು. ಬೇಡವಾದಾಗ ಪಕ್ಕದ ತಂತಿಗಳ ಹತ್ತಿರ ಕಟ್ಟಿಡಬಹುದು. ದೋಣಿಯ ಅಂಚಿನಲ್ಲಿ ಅದನ್ನು ಕಟ್ಟುವ ಜಾಗಕ್ಕೆ ಒಳಗಡೆಯಿಂದ ದಪ್ಪ ಫಲಕ ಕೊಟ್ಟು ಬೋಲ್ಟ್ ಹಾಕಿಸಿ. ತೆಳು ಫೈಬರ್‌ಗೆ ಸ್ಕ್ರೂ ಹೊಡೆದರೆ ಕಿತ್ತುಬರುತ್ತದೆ.

ಚಿತ್ತಾಪುರ_ಡೀಸೆಲ್

ನಾನು ಎಂಜಿನ್ ಮೆಕ್ಯಾನಿಕ್. ಮೂರು ಎಲೆಯ ಪ್ರೊಪೆಲ್ಲರ್ ಬಗ್ಗೆ ಯಾರೂ ಮಾತನಾಡುತ್ತಿಲ್ಲ! ಹಾಯಿಯಲ್ಲಿ ಹೋಗುವಾಗ ಅದು ಇಡೀ ದಾರಿ ಹಿಂದಕ್ಕೆ ಎಳೆಯುವ ವಸ್ತು. ಗೇರ್ ಹಾಕಿ ಅದನ್ನು ನಿಲ್ಲಿಸಿ ಹಿಡಿದರೆ ಎಳೆತ ಹೆಚ್ಚು, ನ್ಯೂಟ್ರಲ್‌ನಲ್ಲಿ ತಿರುಗಲು ಬಿಟ್ಟರೆ ಸಾಮಾನ್ಯವಾಗಿ ಕಡಿಮೆ. ಆದರೆ ಕೆಲವು ಗೇರ್‌ಬಾಕ್ಸ್‌ಗಳಿಗೆ ಎಂಜಿನ್ ನಿಂತಿರುವಾಗ ಶಾಫ್ಟ್ ತಿರುಗಿದರೆ ಎಣ್ಣೆ ಸಿಗುವುದಿಲ್ಲ, ಸವೆಯುತ್ತವೆ. ತಯಾರಕರ ಕೈಪಿಡಿಯಲ್ಲಿ ಏನು ಬರೆದಿದೆಯೋ ಅದನ್ನೇ ಮಾಡಿ.

ಇನ್ನೊಂದು ದಾರಿ, ಎರಡು ಎಲೆಯದು ಹಾಕಿಸುವುದು. ಉದ್ದ ಕೀಲ್‌ನ ದೋಣಿಯಲ್ಲಿ ಪ್ರೊಪೆಲ್ಲರ್ ಕೀಲ್‌ನ ಹಿಂದೆ ಕಿಂಡಿಯಲ್ಲಿರುತ್ತದೆ. ಎರಡು ಎಲೆ ನೆಟ್ಟಗೆ ನಿಲ್ಲುವಂತೆ ಶಾಫ್ಟ್ ಮೇಲೆ ಬಣ್ಣದ ಗುರುತು ಹಾಕಿ, ಅಲ್ಲಿ ನಿಲ್ಲಿಸಿದರೆ ಎಲೆಗಳು ಕೀಲ್‌ನ ನೆರಳಿನಲ್ಲಿ ಅಡಗುತ್ತವೆ. ಎಂಜಿನ್ ಶಕ್ತಿಗೆ ತಕ್ಕ ಅಳತೆ ಸರಿಯಾಗಿ ಲೆಕ್ಕ ಹಾಕಿಸಿ. ಮಡಚುವ ಪ್ರೊಪೆಲ್ಲರ್ ಎಲ್ಲಕ್ಕಿಂತ ಒಳ್ಳೆಯದು, ಆದರೆ ಕಿಂಡಿಯಲ್ಲಿ ಮಡಚಲು ಜಾಗ ಇದೆಯೇ ನೋಡಬೇಕು, ಬೆಲೆಯೂ ಹೆಚ್ಚು.

ಎಂಜಿನ್ ಹಚ್ಚಿಕೊಂಡೇ ಹೋಗಿ ಎಂಬುದು ನನ್ನ ಸಲಹೆ. ಮೇನ್ ಹಾಯಿ ಏರಿಸಿ, ಎಂಜಿನ್ ನಿಧಾನವಾಗಿ ಓಡಿಸಿದರೆ ಗಾಳಿಗೆ ಇನ್ನೂ ಹತ್ತಿರ ಹೋಗಬಹುದು. ವೇಗ ಇರುತ್ತದೆ, ಜಾರಿಕೆ ಕಡಿಮೆಯಾಗುತ್ತದೆ.

ಬೀದರ್_ರೆಕ್ಕೆ

ಎಂಜಿನ್ ಹಚ್ಚುವುದಾದರೆ ಹಾಯಿ ಏಕೆ? ಅವರು ಹಾಯಿಯಲ್ಲಿ ಹೋಗುವುದು ಹೇಗೆ ಎಂದು ಕೇಳಿದ್ದಾರೆ.

ಚಿತ್ತಾಪುರ_ಡೀಸೆಲ್

ಸಾಹೇಬರೇ, ಕತ್ತಲಾಗುವ ಮುನ್ನ ಖಾಡಿ ಸೇರಬೇಕಾದಾಗ ತತ್ತ್ವ ಕೆಲಸಕ್ಕೆ ಬರುವುದಿಲ್ಲ. ಎಂಜಿನ್ ಇರುವುದು ಬಳಸುವುದಕ್ಕೇ. ಒಂದು ಎಚ್ಚರಿಕೆ ಮಾತ್ರ: ದೋಣಿ ಬಹಳ ವಾಲಿದ ಸ್ಥಿತಿಯಲ್ಲಿ ಗಂಟೆಗಟ್ಟಲೆ ಓಡಿಸಬೇಡಿ. ಎಣ್ಣೆ ಒಂದು ಬದಿಗೆ ಸೇರಿ ಪಂಪ್‌ಗೆ ಸಿಗದೇ ಹೋಗಬಹುದು, ತಂಪಿನ ನೀರು ಎಳೆಯುವ ರಂಧ್ರ ನೀರಿನ ಮೇಲೆ ಬರಬಹುದು. ನಿಷ್ಕಾಸದ ಕೊಳವೆಯಿಂದ ನೀರು ಬರುತ್ತಿದೆಯೇ ಎಂದು ಆಗಾಗ ಬಗ್ಗಿ ನೋಡಿ.

ತೊಗರಿಕಣ

ಓದುತ್ತಾ ಓದುತ್ತಾ ನಮ್ಮ ಕಣ ನೆನಪಾಯಿತು. ತೊಗರಿ ತೂರುವಾಗ ಮೊರ ಹಿಡಿದವನು ಗಾಳಿಗೆ ಎಷ್ಟು ಓರೆ ನಿಲ್ಲಬೇಕೆಂದು ಹೀಗೆಯೇ ಹುಡುಕುತ್ತಾನೆ. ಒಂದು ಹೆಜ್ಜೆ ಆಚೀಚೆ ಆದರೆ ಹೊಟ್ಟು ಮುಖಕ್ಕೇ ಬರುತ್ತದೆ. ಗಾಳಿ ಬಂದಾಗ ತೂರಿಕೋ ಎನ್ನುವುದು ಸಮುದ್ರದವರಿಗೂ ಹೊಂದುತ್ತದೆ.

ಇನ್ನೊಂದು ಕೇಳಬೇಕು. ಇದನ್ನೆಲ್ಲ ಕಲಿಯಲು ಗೋವಾಕ್ಕೇ ಏಕೆ ಹೋಗಬೇಕು? ನಾರಾಯಣಪುರದ ಬಸವಸಾಗರದಲ್ಲಿ ಆಷಾಢದ ಗಾಳಿ ಸಾಲದೇ? ಅಲ್ಲಿ ಚಿಕ್ಕ ಹಾಯಿದೋಣಿ ಬಿಟ್ಟರೆ ನಮ್ಮ ಮಕ್ಕಳೂ ಕಲಿಯುತ್ತಾರೆ. ತಿಂಥಣಿಯ ಹತ್ತಿರ ಕೃಷ್ಣೆಯಲ್ಲಿ ಹರಗೋಲು ಹಾಕುವವರಿಗೆ ನೀರಿನ ಸೆಳೆತ ಓದುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸುರಪುರ_ನೌಕೆ

ತೊಗರಿಕಣ ಮಾವ, ನನಗೂ ಅದೇ ಆಸೆ. ಜಲಾಶಯದ ಹಿನ್ನೀರಿನಲ್ಲಿ ಉಬ್ಬರವಿಳಿತವಿಲ್ಲ, ದೊಡ್ಡ ಅಲೆ ಇಲ್ಲ. ಗಾಳಿಯ ಕೋನ ಕಲಿಯಲು ಅಂಥ ನೀರು ಬಹಳ ಒಳ್ಳೆಯದು. ಆದರೆ ಅಣೆಕಟ್ಟಿನ ನೀರಿಗೆ ಇಳಿಯಲು ನೀರಾವರಿ ಇಲಾಖೆಯ ಅನುಮತಿ ಬೇಕು, ಗೇಟುಗಳಿಂದ ದೂರ ಇರಬೇಕು, ಜೀವರಕ್ಷಕ ಜಾಕೆಟ್ ಇಲ್ಲದೆ ಯಾರೂ ಹತ್ತಬಾರದು. ಹರಗೋಲಿಗೆ ಕೀಲ್ ಇಲ್ಲ, ಅದಕ್ಕೆ ಹಾಯಿ ಕಟ್ಟಿದರೆ ಗಾಳಿ ಹೋದತ್ತಲೇ ಹೋಗುತ್ತದೆ.

ಹುಮನಾಬಾದ್_ನೇರಮಾತು

ಕಾರಂಜಾ ಜಲಾಶಯವನ್ನು ಏಕೆ ಬಿಟ್ಟಿರಿ? ಬೀದರ್ ಜಿಲ್ಲೆಯವರಿಗೂ ಗಾಳಿ ಇದೆ.

ನಿರ್ವಾಹಕ

ಜಲಾಶಯಗಳಲ್ಲಿ ಹಾಯಿ ಕಲಿಯುವ ಬಗ್ಗೆ ಬೇರೆ ಚರ್ಚೆ ಶುರುಮಾಡಿ, ಅದಕ್ಕೆ ಅರ್ಹವಾದ ವಿಷಯವೇ. ಇಲ್ಲಿ ಕೆಚ್ ಮುಂದುವರಿಯಲಿ.

ಬೀದರ್_ರೆಕ್ಕೆ

ವಿಷಯಕ್ಕೆ ಬರುತ್ತೇನೆ. ಹಾಯಿಯ ಮೇಲೆ ಗಾಳಿ ಹೇಗೆ ಹರಿಯುತ್ತಿದೆ ಎಂದು ನೋಡುವ ಸಾಧನ ಒಂದಿದೆ, ಉಣ್ಣೆಯ ದಾರ. ವಿಮಾನದ ರೆಕ್ಕೆಗಳನ್ನು ಪರೀಕ್ಷಿಸುವಾಗಲೂ ಇಂಥ ದಾರದ ತುಂಡುಗಳನ್ನೇ ಅಂಟಿಸುತ್ತಾರೆ. ಜೆನೋವಾದ ಮುಂದಿನ ಅಂಚಿನಿಂದ ಒಂದು ಗೇಣು ಹಿಂದೆ ಕೆಳಗೆ, ನಡುವೆ, ಮೇಲೆ ಮೂರು ಕಡೆ, ಎರಡೂ ಬದಿಗೆ ಅಂಟಿಸಿ. ಎರಡೂ ಬದಿಯ ದಾರ ನೇರವಾಗಿ ಹಿಂದಕ್ಕೆ ಹಾರಿದರೆ ಹರಿವು ಅಂಟಿಕೊಂಡಿದೆ. ಗಾಳಿ ಬರುವ ಬದಿಯದು ಕುಣಿದರೆ ಬಹಳ ಹತ್ತಿರ ತುರುಕುತ್ತಿದ್ದೀರಿ. ಆಚೆ ಬದಿಯದು ಸೋತು ಬಿದ್ದರೆ ಹಾಯಿ ಸ್ತಂಭಿಸಿದೆ, ರೆಕ್ಕೆ ಸ್ಟಾಲ್ ಆದ ಸ್ಥಿತಿಯೇ ಅದು.

ಗಾಳಿ ಬರುವ ಬದಿಯಲ್ಲಿ ಮೇಲಿನ ದಾರ ಮೊದಲು ಕುಣಿದರೆ, ಹಾಯಿಯ ಮೇಲ್ಭಾಗ ಬಹಳ ತೆರೆದಿದೆ ಎಂದರ್ಥ. ಜೆನೋವಾದ ಹಗ್ಗ ಹಾದುಹೋಗುವ ರಾಟೆಯನ್ನು ಹಳಿಯ ಮೇಲೆ ಮುಂದಕ್ಕೆ ಸರಿಸಿ. ಕೆಳಗಿನದು ಮೊದಲು ಕುಣಿದರೆ ಹಿಂದಕ್ಕೆ. ಹಳೆಯ ದೋಣಿಗಳಲ್ಲಿ ಈ ಹಳಿಯನ್ನು ದೋಣಿಯ ತೀರ ಅಂಚಿಗೆ ಹಾಕಿರುತ್ತಾರೆ, ಹಾಯಿ ಒಳಕ್ಕೆ ಬರುವುದೇ ಇಲ್ಲ. ಇನ್ನೊಂದು ರಾಟೆ, ಒಂದು ಹಗ್ಗದಿಂದ ಜೆನೋವಾದ ಮೂಲೆಯನ್ನು ಸ್ವಲ್ಪ ಒಳಕ್ಕೆ ಎಳೆದು ನೋಡಿ. ಕೆಲವು ಡಿಗ್ರಿ ಅಲ್ಲಿಯೇ ಸಿಗಬಹುದು. ಅತಿಯಾದರೆ ಮೇನ್‌ನ ಮುಂದಿನ ಅಂಚು ಒಳಕ್ಕೆ ಉಬ್ಬುತ್ತದೆ, ಅಲ್ಲಿಗೆ ನಿಲ್ಲಿಸಿ.

ಭೀಮಾತೀರ_ಯಾದಗಿರಿ

ದಾರದ ಮಾತು ಚಿನ್ನದಂಥದ್ದು. ಇನ್ನು ಭಾರ. ಮೂತಿಯ ಪೆಟ್ಟಿಗೆಯಲ್ಲಿ ಲಂಗರಿನ ಸರಪಳಿ ಎಷ್ಟಿದೆ? 10 ಮಿಲಿಮೀಟರ್ ಸರಪಳಿ ಮೀಟರಿಗೆ 2 ಕಿಲೋಗಿಂತ ಹೆಚ್ಚು ತೂಗುತ್ತದೆ. 60 ಮೀಟರ್ ಇದ್ದರೆ 130 ಕಿಲೋ ದಾಟಿತು, ಇಬ್ಬರು ದೊಡ್ಡವರು ಸದಾ ಮೂತಿಯ ಮೇಲೆ ಕುಳಿತ ಲೆಕ್ಕ. ಅಲೆಗೆ ಮೂತಿ ಏಳುವುದಿಲ್ಲ, ಗುದ್ದುತ್ತದೆ, ನಿಲ್ಲುತ್ತದೆ. ದೀರ್ಘ ಪಯಣದಲ್ಲಿ ಹೆಚ್ಚಿನ ಸರಪಳಿಯನ್ನು ದೋಣಿಯ ನಡುವೆ ತಳದಲ್ಲಿ ಭದ್ರವಾಗಿ ಕಟ್ಟಿಡಿ, ಲಂಗರು ಹಾಕುವ ಜಾಗಕ್ಕೆ ಮುನ್ನ ಮರಳಿ ಜೋಡಿಸಿ.

ಮೇಲೆ ನೆರಳಿಗೆ ಕಟ್ಟಿದ ಬಟ್ಟೆ, ಅಂಚಿಗೆ ಕಟ್ಟಿದ ಡೀಸೆಲ್ ಕ್ಯಾನುಗಳು, ಹಿಂದೆ ನೇತುಹಾಕಿದ ಚಿಕ್ಕ ದೋಣಿ, ಇವೆಲ್ಲ ಗಾಳಿಗೆದುರು ಹೋಗುವಾಗ ಹಿಂದಕ್ಕೆ ಎಳೆಯುತ್ತವೆ. ನೆರಳು ಮಡಚಿ, ಟೋಪಿ ಹಾಕಿಕೊಳ್ಳಿ. ಕಲಬುರಗಿಯ ಬೇಸಿಗೆ ಕಂಡವರಿಗೆ ಡಿಸೆಂಬರಿನ ಸಮುದ್ರದ ಬಿಸಿಲು ಭಾರವಲ್ಲ.

ಹುಮನಾಬಾದ್_ನೇರಮಾತು

ಇಷ್ಟೆಲ್ಲ ಮಾಡಿದ ಮೇಲೂ ಅದು ಸ್ಲೂಪ್ ಅಲ್ಲ. ಅಭಿಲಾಷ್ ಟೋಮಿ ಅವರನ್ನೇ ನೋಡಿ. ಒಬ್ಬರೇ ಹಾಯಿಯಲ್ಲಿ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಗೋವಾದಲ್ಲಿ ಕಟ್ಟಿದ ತುರಿಯಾ ಎಂಬ ಕೆಚ್‌ನಲ್ಲಿ ಹೋದರು. 2022ರಲ್ಲಿ ಒಂಟಿ ಕೂವೆಯ ರಸ್ಲರ್ 36ರಲ್ಲಿ ಹೋಗಿ ಎರಡನೆಯ ಸ್ಥಾನ ಪಡೆದರು.

ಭೀಮಾತೀರ_ಯಾದಗಿರಿ

ಅದೇ ಉದಾಹರಣೆಯ ಬುಡಕ್ಕೆ ಹೋಗೋಣ. ತುರಿಯಾ ಯಾವುದರ ಪ್ರತಿರೂಪ? ಸುಹೈಲಿಯದು. 32 ಅಡಿಯ ಆ ಕೆಚ್ ಕಟ್ಟಿದ್ದು ನಮ್ಮ ಮುಂಬೈಯಲ್ಲಿ, ತೇಗದ ಮರದಲ್ಲಿ. ಅದರಲ್ಲಿ ರಾಬಿನ್ ನಾಕ್ಸ್-ಜಾನ್ಸ್‌ಟನ್ 1968ರ ಜೂನ್‌ನಿಂದ 1969ರ ಏಪ್ರಿಲ್‌ವರೆಗೆ 312 ದಿನ, ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದರು, ಜಗತ್ತಿನಲ್ಲಿ ಮೊದಲಿಗರಾಗಿ. 2018ರ ಆ ಸ್ಪರ್ಧೆಯಲ್ಲಿ ತುರಿಯಾದ ಕೂವೆ ಮುರಿದದ್ದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ. ಅಂಥ ಬಿರುಗಾಳಿಯ ಮುಂದೆ ಒಂದು ಕೂವೆಯೋ ಎರಡು ಕೂವೆಯೋ ಎಂಬ ಲೆಕ್ಕ ನಡೆಯುವುದಿಲ್ಲ. ಕೆಚ್ ಗಾಳಿಗೆದುರು ನಿಧಾನ, ಒಪ್ಪಿದೆ. ಹೋಗಲಾರದ ದೋಣಿ ಎಂದರೆ ಒಪ್ಪುವುದಿಲ್ಲ.

ತಮ್ಮಾ, ಮುಂಬೈ ದಾರಿಯ ಬಗ್ಗೆ ಒಂದು ಮಾತು. ನಿಮ್ಮ ಅರ್ಧ ಉತ್ತರ ಗಡಿಯಾರದಲ್ಲಿದೆ. ನವೆಂಬರಿನಿಂದ ಫೆಬ್ರವರಿವರೆಗೆ ಕೊಂಕಣದಲ್ಲಿ ರಾತ್ರಿ, ಬೆಳಗಿನ ಜಾವ ನೆಲದಿಂದ ಪೂರ್ವದ ಗಾಳಿ ಬೀಸುತ್ತದೆ. ಉತ್ತರಕ್ಕೆ ಹೋಗುವವರಿಗೆ ಅದು ಪಕ್ಕದ ಗಾಳಿ, ಕೆಚ್‌ಗೆ ಹೇಳಿಮಾಡಿಸಿದ್ದು, ಮಿಜೆನ್ ಸಹಿತ ಎಲ್ಲ ಹಾಯಿ ಏರಿಸಿ. ಬೆಳಗ್ಗೆ ಅದು ಸಾಯುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಪಶ್ಚಿಮದಿಂದ ಎದ್ದು ವಾಯವ್ಯಕ್ಕೆ ತಿರುಗುತ್ತದೆ. ನೆಲದ ಗಾಳಿ ನಿಲ್ಲುವ ಹೊತ್ತಿಗೆ ಸ್ವಲ್ಪ ಹೊರಗಡೆ ಇದ್ದರೆ, ಪಶ್ಚಿಮದ ಗಾಳಿಯಲ್ಲಿ ಉತ್ತರಕ್ಕೆ ಒಂದು ಉದ್ದನೆಯ ಓಟ ಸಿಗುತ್ತದೆ. ಪೂರ್ತಿ ವಾಯವ್ಯವಾದ ಮೇಲೆ ದಡದ ಕಡೆಗೆ ಹೊರಳಿ, ಸಂಜೆಗೆ ಖಾಡಿ ಸೇರಿ. ಮಾಲ್ವಣ, ವಿಜಯದುರ್ಗ, ರತ್ನಾಗಿರಿ, ಜಯಗಡ, ಹೀಗೆ ಹಂತ ಹಂತವಾಗಿ ಹೋಗಬಹುದು. ಆ ತಿಂಗಳುಗಳಲ್ಲಿ ಕರಾವಳಿಯ ಪ್ರವಾಹವೂ ಉತ್ತರಕ್ಕೇ ಹರಿಯುತ್ತದೆ. ಎಚ್ಚರ ಒಂದೇ, ದಡದ ಹತ್ತಿರ ರಾತ್ರಿ ಮೀನಿನ ಬಲೆಗಳಿರುತ್ತವೆ. ಒಬ್ಬರು ಸದಾ ಮೂತಿಯಲ್ಲಿ ನಿಂತು ನೋಡುತ್ತಿರಲಿ.

ಚಿತ್ತಾಪುರ_ಡೀಸೆಲ್

ಬಲೆ ಪ್ರೊಪೆಲ್ಲರ್‌ಗೆ ಸುತ್ತಿದರೆ ನೀರಿಗೆ ಇಳಿಯುವ ಮುನ್ನ ಎಂಜಿನ್ ಕೀಲಿಕೈ ತೆಗೆದು ಇಳಿಯುವವರ ಜೇಬಿನಲ್ಲೇ ಇಡಿ.

ಕಲಬುರಗಿ_ಹಾಯಿ

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಹುಣ್ಣಿಮೆಯ ಇಳಿತದಲ್ಲಿ ಕಟ್ಟೆಗೆ ಒರಗಿಸಿ ತಳ ಉಜ್ಜಿದೆವು. ಕೀಲ್‌ನ ಅಡಿಯಲ್ಲಿ, ಪ್ರೊಪೆಲ್ಲರ್ ಕಿಂಡಿಯಲ್ಲಿ ಚಿಪ್ಪು ದಟ್ಟವಾಗಿ ಕುಳಿತಿತ್ತು. ಮೇನ್‌ಗೆ ಹಿಗ್ಗದ ಹಗ್ಗ ಹಾಕಿದೆವು, ಸರಪಳಿಯ ಅರ್ಧ ನಡುವಿಗೆ ತಂದೆವು, ಉಣ್ಣೆಯ ದಾರ ಅಂಟಿಸಿದೆವು. ಡೈನೀಮಾ ಇನ್ನೂ ಬಂದಿಲ್ಲ, ಸದ್ಯಕ್ಕೆ ಬಳಸದೆ ಇದ್ದ ಹಾಯಿ ಹಗ್ಗವೊಂದನ್ನೇ ದೊಡ್ಡ ಕೂವೆಯಿಂದ ಹಿಂದಕ್ಕೆ ಬಿಗಿದು ನೋಡಿದೆವು. ಗೇರ್‌ಬಾಕ್ಸ್ ಕೈಪಿಡಿಯಲ್ಲಿ ಶಾಫ್ಟ್ ತಿರುಗಲು ಬಿಡಬಹುದು ಎಂದೇ ಇದೆ.

ಅಗ್ವಾದದ ಹೊರಗೆ 10-12 ನಾಟ್ ಗಾಳಿಯಲ್ಲಿ ಎರಡೂ ಕಡೆ ಹೊರಳಿ ನೋಡಿದರೆ ಈಗ 110 ಡಿಗ್ರಿ. ಸುರಪುರದ ತಂಗಿಯ ಲೆಕ್ಕದಲ್ಲಿ ಹಾಕಿದರೆ, ಇಡೀ ದಾರಿ ಗಾಳಿಗೆದುರೇ ಹೋದರೂ 120 ಡಿಗ್ರಿಯಲ್ಲಿ 460 ಮೈಲಿ ಇದ್ದದ್ದು ಸುಮಾರು 400ಕ್ಕೆ ಇಳಿಯುತ್ತದೆ. ಮಿಜೆನ್ ಪರೀಕ್ಷೆಯನ್ನೂ ಮಾಡಿದೆವು. 10 ನಾಟ್‌ನಲ್ಲಿ ನಡುರೇಖೆಗೆ ಬಿಗಿದ ಮಿಜೆನ್ ಇದ್ದಾಗ ವೇಗ ಸ್ವಲ್ಪ ಹೆಚ್ಚು, ಚುಕ್ಕಾಣಿ 4 ಡಿಗ್ರಿ. 14 ದಾಟಿದ ಮೇಲೆ ಚುಕ್ಕಾಣಿ 9ಕ್ಕೆ ಹೋಯಿತು, ಮಿಜೆನ್ ಇಳಿಸಿದ ಕೂಡಲೇ ದೋಣಿ ಹಗುರವಾಗಿ ಓಡಿತು.

ಒಂದು ತೊಂದರೆ ಉಳಿದಿದೆ. ಮಿಜೆನ್ ಇಳಿಸಿದಾಗ ಹೊರಳುವುದು ಕಷ್ಟ. ಮೂತಿ ಗಾಳಿಯ ಕಣ್ಣಿನಲ್ಲಿ ನಿಂತುಬಿಡುತ್ತದೆ.

ಬೀದರ್_ರೆಕ್ಕೆ

ಅಂದರೆ 10 ನಾಟ್‌ಗೆ ನಾನು ಹೇಳಿದ್ದು, 14ಕ್ಕೆ ಕಾಕಾ ಹೇಳಿದ್ದು. ಸರಿ ಕಾಕಾ, ಒಪ್ಪಿದೆ.

ಭೀಮಾತೀರ_ಯಾದಗಿರಿ

ಉದ್ದ ಕೀಲ್ ತಿರುಗಲು ಹೊತ್ತು ತೆಗೆದುಕೊಳ್ಳುತ್ತದೆ. ಹೊರಳುವ ಮುನ್ನ ಮೂತಿಯನ್ನು ಐದಾರು ಡಿಗ್ರಿ ಕೆಳಕ್ಕೆ ಬಿಟ್ಟು ವೇಗ ತುಂಬಿಸಿ. ಚುಕ್ಕಾಣಿಯನ್ನು ಒಮ್ಮೆಲೇ ತಿರುವಬೇಡಿ, ನಿಧಾನವಾಗಿ ಶುರುಮಾಡಿ ಆಮೇಲೆ ಹೆಚ್ಚಿಸಿ. ಜೆನೋವಾದ ಹಗ್ಗ ಬೇಗ ಬಿಡಬೇಡಿ. ಅದು ಆಚೆ ಬದಿಯಿಂದ ಗಾಳಿ ತುಂಬಿ ಮೂತಿಯನ್ನು ದಾಟಿಸಿದ ಮೇಲೆ ಬಿಡಿ. ಸಮತಟ್ಟಾದ ಅಲೆ ನೋಡಿಕೊಂಡು ಹೊರಳಿ.

ಆಳಂದ_ಹೊಲಿಗೆ

ಜೆನೋವಾ ಹಾಗೆ ತಡಮಾಡಿ ಬಿಟ್ಟರೆ ಕೂವೆಯ ಅಡ್ಡಕೋಲಿಗೆ ಉಜ್ಜುತ್ತದೆ. ಆ ತುದಿಗಳಿಗೆ ಚರ್ಮ ಸುತ್ತಿ, ಹಾಯಿಗೆ ತಾಗುವ ಜಾಗದಲ್ಲಿ ತೇಪೆ ಹಾಕಿಸಿ. ಬಟ್ಟೆ ಉಳಿಯುತ್ತದೆ.

ಕಲಬುರಗಿ_ಹಾಯಿ

ಮಾಡಿಸುತ್ತೇವೆ ಅಣ್ಣಾ. ಡೈನೀಮಾ ಬಂದ ಮೇಲೆ ಎರಡೂ ಬದಿಗೆ ಶಾಶ್ವತವಾಗಿ ಕಟ್ಟುತ್ತೇವೆ. ಕಾಕಾ, ಅದನ್ನು ಬಳಸುವಾಗ ಮರೆಯಬಾರದ್ದು ಏನಾದರೂ ಇದೆಯೇ?

ಭೀಮಾತೀರ_ಯಾದಗಿರಿ

ಇದೆ. ಹೊರಳಿದ ಕೂಡಲೇ ಹೊಸ ಬದಿಯದನ್ನು ಬಿಗಿದು, ಹಳೆಯ ಬದಿಯದನ್ನು ಸಡಿಲಿಸಿ. ಹಿಂದಿನಿಂದ ಗಾಳಿ ಬರುವಾಗ ಮೇನ್ ಹಾಯಿಯನ್ನು ಬದಿ ಬದಲಿಸುವುದಿದ್ದರೆ ಮೇನ್‌ನ ಕೆಳಕೋಲು ಹೊರಳಿ ಹೋಗುವ ಬದಿಯದು ಸಡಿಲವಾಗಿದೆಯೇ ಎಂದು ಮೊದಲು ಕಣ್ಣಾರೆ ನೋಡಿ, ಆಮೇಲೆ ಚುಕ್ಕಾಣಿಗೆ ಕೈ ಹಾಕಿ. ಬಿಗಿದಿದ್ದರೆ ಮೇನ್‌ನ ಕೆಳಕೋಲು ಅದಕ್ಕೆ ಬಡಿದು ಮುರಿಯಬಹುದು. ಈ ಕೆಲಸ ಮೂವರಲ್ಲಿ ಒಬ್ಬರಿಗೇ ವಹಿಸಿಕೊಡಿ, ಅವರು ಗಟ್ಟಿಯಾಗಿ "ಸಡಿಲವಿದೆ" ಎಂದು ಕೂಗಿದ ಮೇಲೆಯೇ ತಿರುಗಿಸಿ.